ಸಂದೇಶವಾಹಕನ ವಿಶ್ವಾಸಾರ್ಹತೆ: ಮೈಸೂರಿನ ಅಂಚೆಯಿಂದ ನಿಸ್ತಂತು ಜಾಲದವರೆಗೆ

ಕೊಪ್ಪ ತಾಲೂಕಿನ ಭಂಡಿಗಡಿಯಂತಹ ಮಲೆನಾಡಿನ ಗ್ರಾಮಗಳಲ್ಲಿ ಗುಡ್ಡವೂ ದಟ್ಟವಾದ ಕಾಡೂ ರೇಡಿಯೋ ಅಲೆಗಳಿಗೆ ಅಡ್ಡಬರುತ್ತವೆ. ಇಂತಹ ನೆಲದಲ್ಲಿ ಸಂದೇಶವನ್ನು ಒಂದೇ ನೆಗೆತಕ್ಕೆ ದೂರಕ್ಕೆ ಕಳುಹಿಸುವುದಕ್ಕಿಂತ, ನಡುವೆ ನಿಂತವರು ಒಬ್ಬರಿಂದೊಬ್ಬರಿಗೆ ದಾಟಿಸುವುದು ಸುಗಮ. ಸ್ಥಿರವಾದ ಗೋಪುರಗಳ ಆಶ್ರಯವಿಲ್ಲದೆ, ಚಲಿಸುತ್ತಿರುವ ಯಂತ್ರಗಳೇ ಹೀಗೆ ಸಂದೇಶವನ್ನು ದಾಟಿಸುವ ವ್ಯವಸ್ಥೆಗೆ ‘ಆಡ್ ಹಾಕ್’ ನಿಸ್ತಂತು ಜಾಲವೆಂದು ಹೆಸರು. ಇದರಲ್ಲಿ ಪ್ರತಿಯೊಬ್ಬ ಬಳಕೆದಾರನೂ ಇತರರ ಪಾಲಿಗೆ ವಾಹಕನು. ಆ ವಾಹಕನನ್ನು ನಂಬುವುದು ಹೇಗೆ? ಪ್ರಶ್ನೆಯು ಹಳೆಯದು, ನಮ್ಮ ನಾಡಿನ ಚರಿತ್ರೆಯಲ್ಲಿಯೇ ಅದಕ್ಕೊಂದು ಉತ್ತರವು ದೊರೆತಿತ್ತು.

ಮೈಸೂರು ರಾಜ್ಯದಲ್ಲಿ ಕ್ರಮಬದ್ಧವಾದ ಅಂಚೆಯನ್ನು ಸ್ಥಾಪಿಸಿದ ಕೀರ್ತಿ ಚಿಕ್ಕದೇವರಾಜ ಒಡೆಯರಿಗೆ (ಆಳ್ವಿಕೆ 1673–1704) ಸಲ್ಲುತ್ತದೆ. ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಹೇಳುವಂತೆ, ಅಂಚೆಯ ಅಧಿಕಾರಿಗಳು ಅರಮನೆಯ ಆಪ್ತರಾಗಿದ್ದರು. ಕೆಳಗಿನ ನೌಕರರು ತಾವಿದ್ದ ಸೀಮೆಯ ರಹಸ್ಯ ವ್ಯವಹಾರಗಳನ್ನು ವರದಿಮಾಡುವ ಗೂಢಚಾರರಾಗಿದ್ದರು. 1763ರಲ್ಲಿ ಬಿದನೂರು ಹೈದರಾಲಿಯ ವಶವಾಗಿ, ಕೆಳದಿ ಅರಸರ ಮಲೆನಾಡು ಮೈಸೂರಿನ ಅಧೀನಕ್ಕೆ ಬಂದಿತು. ಅವನ ಕಾಲದಲ್ಲಿ ಈ ಪದ್ಧತಿಯು ಮತ್ತಷ್ಟು ಬೆಳೆದು ದಬ್ಬಾಳಿಕೆಯ ಭಯಂಕರ ಸಾಧನವಾಯಿತೆಂದು ಅದೇ ಲೇಖಕನ ಅಭಿಪ್ರಾಯ. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಇಲ್ಲಿ ವಿಶ್ವಾಸದ ಮೂಲವು ಪ್ರಭುತ್ವ. ಅದಕ್ಕೆ ಪ್ರಜೆಗಳು ತೆತ್ತ ಬೆಲೆ ಬೇಹುಗಾರಿಕೆ.

ಅಲೆಯುವ ಜಾಲದಲ್ಲಿ ಪ್ರಭುವಿಲ್ಲ. 1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆಯು ನಡೆಸಿದ ರೇಡಿಯೋ ಪ್ರಯೋಗಗಳಿಂದ ಇದರ ಚರಿತ್ರೆ ಆರಂಭವಾಗುತ್ತದೆ. 1996ರಲ್ಲಿ ಜಾನ್ಸನ್ ಮತ್ತು ಮಾಲ್ಟ್ಜ್ ವಿವರಿಸಿದ ಕ್ರಮದಲ್ಲಿ, ಮಾರ್ಗವನ್ನು ಅರಸುವ ಯಂತ್ರವು ಸುತ್ತಲೂ ವಿಚಾರಣೆಯನ್ನು ಹರಡುತ್ತದೆ. ದಾಟಿಸುವ ಪ್ರತಿಯೊಂದು ಯಂತ್ರವೂ ಅದಕ್ಕೆ ತನ್ನ ವಿಳಾಸವನ್ನು ಸೇರಿಸುತ್ತದೆ. ಎಲ್ಲರೂ ಪ್ರಾಮಾಣಿಕರಾಗಿದ್ದರೆ ಇದು ಸಾಕು. ಆದರೆ ‘ನನ್ನ ಮಾರ್ಗವೇ ಅತಿ ಹತ್ತಿರದ್ದು’ ಎಂದು ಸುಳ್ಳು ಹೇಳಿದ ಒಂದು ಯಂತ್ರವು ನೆರೆಯವರ ಸಂದೇಶಗಳನ್ನೆಲ್ಲ ತನ್ನತ್ತ ಸೆಳೆದು ನುಂಗಿಬಿಡಬಲ್ಲದು. ಇಂತಹ ಕ್ರಮಗಳಲ್ಲಿ ಪ್ರಸಿದ್ಧವಾದ ‘ಎಒಡಿವಿ’ಯ ನಿಯಮಾವಳಿ 2003ರಲ್ಲಿ ಪ್ರಕಟವಾದಾಗಲೂ, ಅದರಲ್ಲಿ ವಿಶೇಷ ರಕ್ಷಣೋಪಾಯವೇನನ್ನೂ ವಿಧಿಸಿರಲಿಲ್ಲ.

ಪರಿಹಾರಗಳು ಎರಡು ದಾರಿ ಹಿಡಿದವು. ಮೊದಲನೆಯದು ಪ್ರಮಾಣದ ದಾರಿ. 1999ರಲ್ಲಿ ಝೌ ಮತ್ತು ಹಾಸ್ ಎಂಬ ವಿದ್ವಾಂಸರು, ಸಹಿಹಾಕುವ ಗುಪ್ತ ಕೀಲಿಯನ್ನು ಒಬ್ಬನಲ್ಲಿಡದೆ ಹಲವರಲ್ಲಿ ಹಂಚಬೇಕೆಂದೂ, ನಿಯತ ಸಂಖ್ಯೆಯವರು ಕೂಡಿದರೆ ಮಾತ್ರ ಸಹಿ ಸಾಧ್ಯವಾಗಬೇಕೆಂದೂ ಸೂಚಿಸಿದರು. 2002ರ ‘ಅರಿಯಾಡ್ನೆ’ ಎಂಬ ಕ್ರಮವು, ಮಾರ್ಗದ ಪಟ್ಟಿಯಲ್ಲಿನ ಹೆಸರನ್ನು ತಿದ್ದಿದರೆ ಅಥವಾ ಅಳಿಸಿದರೆ ಬಯಲಾಗುವಂತೆ, ದಾಟಿದ ಪ್ರತಿಯೊಬ್ಬನ ಗುರುತನ್ನೂ ಸಂದೇಶದಲ್ಲಿ ಬಂಧಿಸಿತು. ಎರಡನೆಯದು ಕಾವಲಿನ ದಾರಿ. 2000ದಲ್ಲಿ ಮಾರ್ಟಿ ಮತ್ತು ಸಂಗಡಿಗರು ಸೂಚಿಸಿದಂತೆ, ಯಂತ್ರವೊಂದು ತಾನು ಕೊಟ್ಟ ಸಂದೇಶವನ್ನು ನೆರೆಯದು ನಿಜವಾಗಿಯೂ ಮುಂದೆ ದಾಟಿಸಿತೆ ಎಂದು ಕಿವಿಗೊಟ್ಟು ಕೇಳುತ್ತದೆ.

ಎರಡಕ್ಕೂ ಮಿತಿಯುಂಟು. ಇಬ್ಬರು ವಂಚಕರು ಗುಪ್ತವಾದ ಸಂಪರ್ಕವೊಂದನ್ನು ಏರ್ಪಡಿಸಿಕೊಂಡು, ದೂರದ ಸಂದೇಶವನ್ನು ಹತ್ತಿರದ್ದೆಂದು ತೋರಿಸಿದರೆ, ಸಹಿಗಳೆಲ್ಲವೂ ಸರಿಯಾಗಿಯೇ ಇರುತ್ತವೆ. ಇದನ್ನು ತಡೆಯಲು, ಸಂದೇಶವು ಕ್ರಮಿಸಬಹುದಾದ ದೂರಕ್ಕೂ ಕಾಲಕ್ಕೂ ಕಟ್ಟುಹಾಕುವ ಉಪಾಯವು 2003ರಲ್ಲಿ ಪ್ರಕಟವಾಯಿತು. ಕಾವಲಿನ ದಾರಿಯಲ್ಲಾದರೋ ದೋಷವು ಬೇರೆ ಬಗೆಯದು: ಕಿವಿಗೊಡುವವನು ತಪ್ಪಾಗಿ ಕೇಳಬಹುದು, ಮತ್ತೊಬ್ಬನ ಮೇಲೆ ಸುಳ್ಳು ದೂರನ್ನೂ ಹೊರಿಸಬಹುದು.

ಅಂಚೆಯ ಚರಿತ್ರೆಯು ಇಲ್ಲಿ ಉಪಯುಕ್ತವಾಗುತ್ತದೆ. ವಾಹಕನನ್ನು ಕಾಯಲು ಕಾವಲುಗಾರನನ್ನು ನಿಯಮಿಸಿದಾಗ, ಕಾವಲುಗಾರನನ್ನು ಕಾಯುವವರಾರು ಎಂಬ ಪ್ರಶ್ನೆಯು ಉಳಿದೇ ಉಳಿಯುತ್ತದೆ. ವಾಹಕನು ಎಂತಹವನೆಂದು ವಿಚಾರಿಸುತ್ತ ಹೋಗುವುದಕ್ಕಿಂತ, ಅವನು ಮಾಡಿದ ಕೆಲಸಕ್ಕೆ ಸಂದೇಶವೇ ಸಾಕ್ಷಿ ನುಡಿಯುವಂತೆ ಮಾಡುವುದು ಶ್ರೇಯಸ್ಕರ. ಅದಕ್ಕೆ ಗಣಿತದ ಜ್ಞಾನ ಬೇಕು. ಗೂಢಚಾರರ ಪಡೆ ಬೇಕಾಗಿಲ್ಲ.