ತಿಂಗಳಿಗೊಂದು ಬಾಟ್ಲಿ ನೀರು: ಹರಿಹರದ ಹೊಳೆಯ ಲೆಕ್ಕ ಬರೆದವರು ಯಾರು?

ಇವತ್ತಿನ ಸಂಚಿಕೆ ಹರಿಹರದ ಸೇತುವೆ ಮೇಲಿಂದ ಶುರು. ದಾವಣಗೆರೆಯಿಂದ ರಾಣೆಬೆನ್ನೂರು ಕಡೆ ಹೋಗುವಾಗ ಇಲ್ಲೇ ತುಂಗಭದ್ರೆ ದಾಟ್ತೀವಿ. ಒಂದೆರಡು ನಿಮಿಷದ ಮಾತು, ಅಷ್ಟರಲ್ಲಿ ಜಿಲ್ಲೆ ಬದಲಾಗಿರುತ್ತೆ. 1956ಕ್ಕೆ ಮುಂಚೆ ಆಗಿದ್ರೆ ರಾಜ್ಯವೇ ಬದಲಾಗ್ತಿತ್ತು: ಈ ದಡ ಮೈಸೂರು, ಆ ದಡ ಮುಂಬೈ. ಏಕೀಕರಣದ ಮೇಲೆ ಈ ಕಡೆ ಚಿತ್ರದುರ್ಗ ಜಿಲ್ಲೆ, ಆ ಕಡೆ ಧಾರವಾಡ. 1997ರಿಂದ ದಾವಣಗೆರೆ ಮತ್ತು ಹಾವೇರಿ. ಅಂದ್ರೆ ನೀರು ಒಂದೇ ಆದ್ರೂ ದೂರು ಕೊಡೋ ಕಚೇರಿ ಯಾವತ್ತೂ ಎರಡು. ಇದನ್ನ ಸ್ವಲ್ಪ ನೆನಪಿಟ್ಕೊಳ್ಳಿ.

ಆ ದಡದ ಕುಮಾರಪಟ್ಟಣದಲ್ಲಿ 1972ರಲ್ಲಿ ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಶುರುವಾಯ್ತು. ಹೆಸರು ಹರಿಹರದ್ದು, ನೆಲ ರಾಣೆಬೆನ್ನೂರು ತಾಲ್ಲೂಕಿನದ್ದು. ಮರವನ್ನ ಚೂರು ಮಾಡಿ, ರಾಸಾಯನಿಕದಲ್ಲಿ ಬೇಯಿಸಿ, ರೇಯಾನ್ ಬಟ್ಟೆಗೆ ಬೇಕಾದ ತಿರುಳು ತೆಗೆಯೋ ಕೆಲಸ. ಮರದಲ್ಲಿ ಲಿಗ್ನಿನ್ ಅಂತ ಒಂದು ಅಂಟು ಪದಾರ್ಥ ಇರುತ್ತೆ. ಬೇಯಿಸಿದಾಗ ಅದು ಕರಗಿ ನೀರಿಗೆ ಕಂದು ಬಣ್ಣ ಕೊಡುತ್ತೆ. ಬಣ್ಣ ಕಣ್ಣಿಗೆ ಕಾಣುತ್ತೆ, ಆದ್ರೆ ಕಾಣದ ತೊಂದರೆ ಇನ್ನೊಂದಿದೆ. ಇಂಥ ನೀರಿನಲ್ಲಿರೋ ಕೊಳೆಯೋ ವಸ್ತುವನ್ನ ತಿನ್ನೋ ಬ್ಯಾಕ್ಟೀರಿಯಾಗಳು ಹೊಳೆಯಲ್ಲಿ ಕರಗಿರೋ ಆಮ್ಲಜನಕವನ್ನ ಖಾಲಿ ಮಾಡ್ತವೆ. ಎಷ್ಟು ಖಾಲಿ ಮಾಡ್ತವೆ ಅನ್ನೋ ಲೆಕ್ಕಕ್ಕೇ ಬಿಒಡಿ ಅನ್ನೋದು. ನೀರನ್ನ ಬಾಟ್ಲಿಗೆ ತುಂಬಿ, ಬಿರಡೆ ಹಾಕಿ, 27 ಡಿಗ್ರಿಯಲ್ಲಿ 3 ದಿನ ಕತ್ತಲಲ್ಲಿಟ್ಟು, ಆಮೇಲೆ ಆಮ್ಲಜನಕ ಎಷ್ಟು ಇಳೀತು ಅಂತ ನೋಡ್ತಾರೆ. ಸ್ನಾನದ ನೀರಲ್ಲಿ ಬಿಒಡಿ ಲೀಟರಿಗೆ 3 ಮಿಲಿಗ್ರಾಂ ದಾಟಬಾರದು. ಮೀನು ಬದುಕಬೇಕಾದ್ರೆ ಕರಗಿದ ಆಮ್ಲಜನಕ 4 ಮಿಲಿಗ್ರಾಂ ಆದ್ರೂ ಇರಬೇಕು.

ಅಳೆಯೋಕೆ ಕಾನೂನು ಇತ್ತಾ? ಇತ್ತು. ಜಲ ಮಾಲಿನ್ಯ ಕಾಯ್ದೆ 1974ರದ್ದು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿತು. ಕೇಂದ್ರದ ನದಿ ಮಾಪನ 1976ರಲ್ಲಿ ಯಮುನೆಯ 18 ಜಾಗಗಳಿಂದ ಶುರುವಾಗಿ ನಿಧಾನಕ್ಕೆ ದೇಶಕ್ಕೆಲ್ಲ ಹರಡಿತು.

ಆದ್ರೆ ಹರಿಹರದ ಕೆಳಗಿನ ಊರುಗಳು ಹೊಳೆಯ ಲೆಕ್ಕ ಇಡೋಕೆ ಬಾಟ್ಲಿ ಬರೋವರೆಗೂ ಕಾಯ್ಲಿಲ್ಲ. ಮೀನು ಸಾಯ್ತಿವೆ, ಜನಕ್ಕೆ ಹೊಸ ಹೊಸ ಕಾಯಿಲೆ ಬರ್ತಿವೆ ಅನ್ನೋ ದೂರು ಅಲ್ಲಿಂದ ಎದ್ದಿತು. 1984ರ ಅಕ್ಟೋಬರ್ 2, ಗಾಂಧಿ ಜಯಂತಿ ದಿನ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಕಾರ್ಖಾನೆ ಮುಂದೆ ದೊಡ್ಡ ಪ್ರತಿಭಟನೆ ಮಾಡಿತು. ಮರುವರ್ಷ ಹೈಕೋರ್ಟಿಗೆ ಹೋಯ್ತು. ಇಲ್ಲಿ ಸ್ವಲ್ಪ ನಿಲ್ಲಿ. ಆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಯಾರ ವಿರುದ್ಧ ಗೊತ್ತಾ? ಮಾಲಿನ್ಯ ನಿಯಂತ್ರಣ ಮಂಡಳಿ ವಿರುದ್ಧ! ಹೊಳೆ ಕೆಡೋದನ್ನ ನೀವು ತಡೀಲಿಲ್ಲ ಅಂತ. ಗಲೀಜು ಮಾಡಿದೋರನ್ನ ಬಿಟ್ಟು ಕಾವಲುಗಾರನನ್ನ ಯಾಕೆ ಹಿಡಿದ್ರು ಅಂತ ಮೊದಲು ನನಗೂ ಅನ್ನಿಸ್ತು. ಈಗ ಅನ್ಸುತ್ತೆ, ಅವರು ಸರಿಯಾದ ಬಾಗಿಲನ್ನೇ ತಟ್ಟಿದ್ದಾರೆ. ಎರಡು ಜಿಲ್ಲೆ, ಎರಡು ದಡ ಇದ್ರೂ ಇಡೀ ಹೊಳೆಗೆ ಜವಾಬ್ದಾರಿ ಇದ್ದ ಕಚೇರಿ ಅದೊಂದೇ.

ಈಗ ಬಾಟ್ಲಿ ವಿಷಯಕ್ಕೆ ಬರ್ತೀನಿ. ನದಿಯ ಮಾದರಿ ತೆಗೆಯೋದು ಸಾಮಾನ್ಯವಾಗಿ ತಿಂಗಳಿಗೊಮ್ಮೆ. ನಾನು ಬಿ.ಕಾಂ. ಓದಿದೋನು, ರಸಾಯನಶಾಸ್ತ್ರ ಅಷ್ಟಕ್ಕಷ್ಟೆ. ಆದ್ರೆ ಲೆಕ್ಕ ಗೊತ್ತು. ವರ್ಷದಲ್ಲಿ ಬರೀ 12 ದಿನದ ಕ್ಯಾಶ್ ಬುಕ್ ತೋರಿಸಿ ಅಂಗಡಿ ವ್ಯವಹಾರ ಸರಿ ಇದೆ ಅಂದ್ರೆ ಯಾವ ಆಡಿಟರೂ ಸಹಿ ಹಾಕಲ್ಲ. ಹರಿಯೋ ನೀರಲ್ಲಂತೂ ಒಂದು ರಾತ್ರಿ ಬಿಟ್ಟ ಗಲೀಜು ಬೆಳಗಾಗೋದರೊಳಗೆ ಎಷ್ಟೋ ಊರು ದಾಟಿರುತ್ತೆ. ಮುಂದಿನ ವಾರದ ಬಾಟ್ಲಿಗೆ ಅದು ಸಿಗೋದಿಲ್ಲ. ಸಿಗೋದು ಮೀನಿಗೆ. ಅದು ಇಪ್ಪತ್ನಾಲ್ಕು ಗಂಟೆನೂ ನೀರಲ್ಲೇ ಇರುತ್ತಲ್ಲ.

ಹಂಗಂತ ತಿಂಗಳ ಬಾಟ್ಲಿ ದಂಡ ಅಂತ ನಾನು ಹೇಳಲ್ಲ. ನಿಧಾನಕ್ಕೆ ಆಗೋ ಕೆಡುಕು ಗೊತ್ತಾಗೋದು ಅದರಿಂದಲೇ. 2018ರಲ್ಲಿ ಕೇಂದ್ರ ಮಂಡಳಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿದ್ದು ಇಂಥ ಸಾಲುಗಳನ್ನ ಕೂಡಿಸಿಯೇ. ಕರ್ನಾಟಕದ್ದು 17. ಅದರಲ್ಲಿ ಹರಿಹರದ ತುಂಗಭದ್ರೆನೂ ಇದೆ. ಬಿಒಡಿ ಏರೋಕೆ ಕಾರ್ಖಾನೆಯೇ ಬೇಕಂತಿಲ್ಲ, ಊರಿನ ಚರಂಡಿನೂ ಸಾಕು. ಅದಕ್ಕೇ ಊರಿಗೆ ಮೇಲೊಂದು, ಕಾರ್ಖಾನೆಗೆ ಮೇಲೊಂದು, ಕೆಳಗೊಂದು ಅಂತ ಬಾಟ್ಲಿ ತುಂಬಬೇಕು. ಇಲ್ದಿದ್ರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸ್ಕೊಂಡು ಕೂತ್ಕೋಬಹುದು.

ನಾವು ದಾವಣಗೆರೆಯೋರು ಈ ವಿಷಯದಲ್ಲಿ ಸ್ವಲ್ಪ ಆರಾಮಾಗೇ ಇದ್ವಿ. ನಮ್ಮ ನಲ್ಲಿಗೆ ಭದ್ರಾ ನಾಲೆಯಿಂದ ತುಂಬೋ ಕುಂದವಾಡ ಕೆರೆ ಇದೆ. ಹೊಳೆ ನೀರು ಎತ್ತೋದೂ ಹರಿಹರಕ್ಕಿಂತ ಮೇಲೆ, ರಾಜನಹಳ್ಳಿಯಲ್ಲಿ. ಕಾರ್ಖಾನೆ ಅದಕ್ಕಿಂತ ಕೆಳಗೆ. 1984ರಲ್ಲಿ ಬೀದಿಗೆ ಬಂದ ಊರುಗಳು ಇನ್ನೂ ಕೆಳಗೆ.

2014ರಲ್ಲಿ ಕೇಂದ್ರ ಮಂಡಳಿ ಹೆಚ್ಚು ಮಾಲಿನ್ಯ ಮಾಡೋ 17 ಬಗೆಯ ಕೈಗಾರಿಕೆಗಳಿಗೆ, ತಿರುಳು ಮತ್ತು ಕಾಗದ ಸೇರಿ, ಬಿಡೋ ನೀರನ್ನ ಬಿಡುವಿಲ್ಲದೆ ಅಳೆಯೋ ಆನ್‌ಲೈನ್ ಮೀಟರ್ ಹಾಕಿ ಅಂತ ಆದೇಶ ಕೊಟ್ಟಿತು. ಆ ಗಾಂಧಿ ಜಯಂತಿಗೆ ಅಷ್ಟೊತ್ತಿಗೆ 30 ವರ್ಷ. ಅದೂ ಪೈಪಿನ ಬಾಯಿಗೆ ಹಾಕೋ ಮೀಟರು. ಹೊಳೆಯ ಮುಖ್ಯ ದಾಖಲೆ ಈಗಲೂ ತಿಂಗಳ ಬಾಟ್ಲಿನೇ.

ಈ ಜಗಳ ನೀರಿಗೇ ಮುಗೀಲಿಲ್ಲ, ಕಾರ್ಖಾನೆಗೆ ಮರ ಬೆಳೆಯೋ ನೆಲಕ್ಕೂ ಹೋಯ್ತು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಬೇರೆ ಸಸಿ ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದ ಕಥೆ ಮುಂದಿನ ಸಂಚಿಕೆಗೆ.