ಹೊಣೆ ಗುತ್ತಿಗೆದಾರನದು, ಭಾರ ಯಾರದು? ರಸ್ತೆ ನಿರ್ವಹಣೆಯ ಕಾರ್ಯಕ್ಷಮತೆ ಆಧಾರಿತ ಗುತ್ತಿಗೆ ಕುರಿತು ಒಂದು ಟಿಪ್ಪಣಿ

ರಸ್ತೆ ದುರಸ್ತಿಗೆ ನಾವು ಹಣ ಕೊಡುತ್ತ ಬಂದಿರುವುದು ಹಾಕಿದ ಸಾಮಗ್ರಿಯನ್ನು ನೋಡಿ. ಎಂಜಿನಿಯರು ಅಂದಾಜು ಪಟ್ಟಿ ತಯಾರಿಸುತ್ತಾರೆ, ಇಲಾಖೆಯ ದರಪಟ್ಟಿಯ ಮೇಲೆ ಟೆಂಡರ್ ಆಗುತ್ತದೆ, ಎಷ್ಟು ಘನ ಮೀಟರ್ ಜಲ್ಲಿ ಬಿತ್ತು, ಎಷ್ಟು ಚದರ ಮೀಟರಿಗೆ ಡಾಂಬರು ಹಾಕಲಾಯಿತು ಎಂಬುದು ಅಳತೆ ಪುಸ್ತಕಕ್ಕೆ ಏರುತ್ತದೆ, ಅದರ ಬೆನ್ನಿಗೇ ಬಿಲ್ಲು. ಗುಂಡಿ ಹೆಚ್ಚಿದಷ್ಟೂ ಬಿಲ್ಲು ದೊಡ್ಡದು. ರಸ್ತೆ ಮೂರು ಮಳೆಗಾಲ ಗಟ್ಟಿಯಾಗಿ ನಿಂತರೆ ಗುತ್ತಿಗೆದಾರನಿಗೆ ಅದರಿಂದ ಏನೂ ಸಿಗುವುದಿಲ್ಲ. ಕಾರ್ಯಕ್ಷಮತೆ ಆಧಾರಿತ ಗುತ್ತಿಗೆ ಈ ಲೆಕ್ಕವನ್ನು ಬುಡದಿಂದ ಬದಲಿಸುತ್ತದೆ. ಒಂದು ಭಾಗದ ರಸ್ತೆಗಳನ್ನೆಲ್ಲ ಐದೋ ಹತ್ತೋ ವರ್ಷಕ್ಕೆ ಒಬ್ಬನಿಗೆ ವಹಿಸಿ, ಕಿಲೋಮೀಟರಿಗೆ ಇಂತಿಷ್ಟು ಎಂದು ತಿಂಗಳು ತಿಂಗಳು ನಿಗದಿತ ಮೊತ್ತ ಕೊಡುವುದು ಅದರ ಕ್ರಮ. ಗುಂಡಿ ಇಷ್ಟು ದಿನದೊಳಗೆ ಮುಚ್ಚಿರಬೇಕು, ಬಿರುಕುಗಳಿಗೆ ಡಾಂಬರು ತುಂಬಿರಬೇಕು, ಚರಂಡಿ, ಮೋರಿಗಳಲ್ಲಿ ನೀರು ಹರಿಯುತ್ತಿರಬೇಕು, ಮೇಲ್ಮೈಯ ಏರಿಳಿತ ಗೊತ್ತುಪಡಿಸಿದ ಮಿತಿ ದಾಟಬಾರದು. ತಪ್ಪಿದರೆ ಮೊತ್ತದಲ್ಲಿ ಕಡಿತ. ಕೆಲಸವನ್ನು ಯಾವಾಗ, ಹೇಗೆ ಮಾಡಬೇಕೆಂಬ ತೀರ್ಮಾನ ಗುತ್ತಿಗೆದಾರನದು.

ಈ ಪದ್ಧತಿಯ ಬಗೆಗಿನ ಚರ್ಚೆ ಬಹುಮಟ್ಟಿಗೆ ಉಳಿತಾಯದ ಸುತ್ತಲೇ ನಡೆದಿದೆ. ನನಗೆ ಅದಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಬೇರೆ. ರಸ್ತೆ ಹಾಳಾಗುವುದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಗುತ್ತಿಗೆದಾರನ ಕೈಯಲ್ಲಿರುವವು ಯಾವುವು, ಸರ್ಕಾರದ ಕೈಯಲ್ಲಿರುವವು ಯಾವುವು? ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಗುತ್ತಿಗೆದಾರನ ಹೆಗಲಿಗೆ ಹಾಕಿದ ಕಡೆ ಪದ್ಧತಿ ಸೊರಗುತ್ತದೆ ಎಂಬುದು ಈ ಟಿಪ್ಪಣಿಯ ವಾದ.

ಉಳಿತಾಯದ ಅಂಕಿಗಳನ್ನು ಮೊದಲು ನೋಡಿಬಿಡೋಣ. ಇಂಥ ಗುತ್ತಿಗೆಯ ಆರಂಭವನ್ನು ಸಾಮಾನ್ಯವಾಗಿ 1988ರ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಒಯ್ಯುತ್ತಾರೆ. 1995ರಲ್ಲಿ ಸಿಡ್ನಿಯ ನಗರ ರಸ್ತೆಗಳು, 1998ರಲ್ಲಿ ನ್ಯೂಜಿಲೆಂಡಿನ ಸುಮಾರು 400 ಕಿ.ಮೀ. ಹೆದ್ದಾರಿ ಈ ಪದ್ಧತಿಗೆ ಬಂದವು. ವಿಶ್ವಬ್ಯಾಂಕಿನ ಸಾರಿಗೆ ಟಿಪ್ಪಣಿಯೊಂದು ಕಲೆಹಾಕಿದ ಅಂಕಿಗಳಂತೆ ಉಳಿತಾಯ ಅಮೆರಿಕದಲ್ಲಿ ಶೇ. 10ರಿಂದ 15, ಸ್ವೀಡನ್ನಿನಲ್ಲಿ ಸುಮಾರು ಶೇ. 30, ಫಿನ್ಲೆಂಡಿನಲ್ಲಿ ಶೇ. 30ರಿಂದ 35. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಸರಿಯಲ್ಲ. ಸ್ವೀಡನ್, ಫಿನ್ಲೆಂಡ್‌ಗಳಲ್ಲಿ ಅದುವರೆಗೆ ರಸ್ತೆ ಇಲಾಖೆಯೇ ತನ್ನ ಸಿಬ್ಬಂದಿಯಿಂದ ನಿರ್ವಹಣೆ ಮಾಡಿಸುತ್ತಿತ್ತು. ಕೆಲಸವನ್ನು ಮೊದಲ ಬಾರಿಗೆ ಪೈಪೋಟಿಗೆ ತೆರೆದದ್ದೂ, ಹೊಸ ಬಗೆಯ ಗುತ್ತಿಗೆ ಬಂದದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಯಾವುದರಿಂದ ಎಷ್ಟು ಉಳಿಯಿತು ಎಂದು ಬೇರ್ಪಡಿಸುವುದು ಕಷ್ಟ. ನಿರ್ವಹಣೆಯನ್ನು ಈಗಾಗಲೇ ಬಹುಮಟ್ಟಿಗೆ ಖಾಸಗಿ ಗುತ್ತಿಗೆದಾರರಿಂದ ಮಾಡಿಸುತ್ತಿರುವ ನಮ್ಮಂಥ ಕಡೆ ಶೇ. 30ರ ಆಸೆ ಇಟ್ಟುಕೊಳ್ಳಲು ಆಧಾರ ಸಾಲದು.

ಪದ್ಧತಿಯ ನಿಜವಾದ ಬಲ ಚರಂಡಿಯಲ್ಲಿದೆ. ಡಾಂಬರು ರಸ್ತೆಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ. ಮೇಲ್ಮೈ ಬಿರುಕಿನಿಂದ ಅಥವಾ ಹೂಳು ತುಂಬಿದ ಚರಂಡಿಯಿಂದ ನೀರು ಜಲ್ಲಿಯ ಪದರಕ್ಕೆ ಇಳಿದರೆ ಪದರ ಸಡಿಲವಾಗುತ್ತದೆ, ಮೇಲೆ ಚಕ್ರ ಹಾಯ್ದಂತೆ ಡಾಂಬರು ಕಿತ್ತು ಗುಂಡಿಯಾಗುತ್ತದೆ. ಮೇ ತಿಂಗಳಲ್ಲಿ ಹೂಳು ಎತ್ತಿ, ಮೋರಿಯ ಬಾಯಿ ಬಿಡಿಸಿ, ರಸ್ತೆಯ ಅಂಚಿನಲ್ಲಿ ಎತ್ತರಕ್ಕೆ ಬೆಳೆದ ಮಣ್ಣನ್ನು ಕೆತ್ತಿ ನೀರಿಗೆ ದಾರಿ ಮಾಡಿಕೊಟ್ಟರೆ ಮಲೆನಾಡಿನ ರಸ್ತೆ ಕೂಡ ಮಳೆಗಾಲ ತಡೆಯುತ್ತದೆ. ಗುದ್ದಲಿ, ಸನಿಕೆಗಳಲ್ಲಿ ಮುಗಿಯುವ ಕೆಲಸ ಇದು. ಐಟಂ ದರದ ಬಿಲ್ಲಿನಲ್ಲಿ ಇದರ ಬೆಲೆ ತೀರಾ ಕಡಿಮೆ, ಮಾಡಿದ್ದಕ್ಕೆ ಗುರುತೂ ಉಳಿಯುವುದಿಲ್ಲ, ಹಾಗಾಗಿ ಯಾರಿಗೂ ಆಸಕ್ತಿಯಿಲ್ಲ. ಆಗಸ್ಟಿನ ಗುಂಡಿಯನ್ನು ತನ್ನ ಕೈಯಿಂದಲೇ ಮುಚ್ಚಬೇಕಾದವನು ಮಾತ್ರ ಮೇ ತಿಂಗಳಲ್ಲಿ ಚರಂಡಿಗೆ ಆಳು ಕಳಿಸುತ್ತಾನೆ. ಇಲ್ಲಿ ಹೊಣೆಯ ವರ್ಗಾವಣೆ ನ್ಯಾಯವಾದದ್ದು, ಏಕೆಂದರೆ ಕಾರಣವೂ ಪರಿಹಾರವೂ ಅವನ ಕೈಯಲ್ಲೇ ಇವೆ.

ಅರ್ಜೆಂಟೀನಾ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿತೋರಿಸಿತು. 1990ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ರಾಷ್ಟ್ರೀಯ ರಸ್ತೆ ನಿರ್ದೇಶನಾಲಯ ‘ಕ್ರೆಮಾ’ ಎಂಬ ಐದು ವರ್ಷದ ಗುತ್ತಿಗೆಗಳನ್ನು ಜಾರಿಗೆ ತಂದು ಸುಮಾರು 12,000 ಕಿ.ಮೀ. ಹೆದ್ದಾರಿಯನ್ನು ಅವುಗಳ ಅಡಿಗೆ ತಂದಿತು. ಮೊದಲ ಹಂತದಲ್ಲಿ ಹಾಳಾದ ಭಾಗಗಳ ಪುನಶ್ಚೇತನ, ಅದರ ಜೊತೆಗೇ ಇಡೀ ಜಾಲದ ನಿರ್ವಹಣೆ. ಇದರಲ್ಲಿ ನನಗೆ ಹಿಡಿಸಿದ ಅಂಶವೆಂದರೆ, ಪುನಶ್ಚೇತನದ ಹಣವನ್ನು ಕೆಲಸ ಮುಗಿದ ಕೂಡಲೇ ಪೂರ್ತಿ ಕೊಡದೆ ಒಂದು ಪಾಲನ್ನು ಮುಂದಿನ ವರ್ಷಗಳಿಗೆ ಹಂಚಿದ್ದು. ತೆಳುವಾಗಿ ಡಾಂಬರು ಬಳಿದು ಹೋದವನು ಮುಂದೆ ಬರಬೇಕಾದ ತನ್ನ ಹಣದಲ್ಲೇ ಅದನ್ನು ಸರಿಪಡಿಸಬೇಕಾಯಿತು. ಆದರೆ 2002ರ ಜನವರಿಯಲ್ಲಿ ಪೆಸೊ ಮತ್ತು ಡಾಲರಿನ ಸಮಬೆಲೆ ಮುರಿದುಬಿದ್ದಾಗ ಹಲವು ವರ್ಷಕ್ಕೆ ನಿಗದಿಯಾದ ಇಡಿಗಂಟಿನ ಲೆಕ್ಕವೆಲ್ಲ ತಲೆಕೆಳಗಾಯಿತು. ಆ ಕುಸಿತದ ಮೇಲೆ ಯಾವ ಗುತ್ತಿಗೆದಾರನ ಹತೋಟಿಯೂ ಇರಲಿಲ್ಲ.

ಭಾರತದಲ್ಲಿ ಇಂಥದೇ ಒಂದು ಸಂಗತಿ ಲಾರಿಯ ಆಕ್ಸಲ್‌ನಲ್ಲಿ ಅಡಗಿದೆ. ಅಮೆರಿಕದ ಇಲಿನಾಯ್ಸ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ನಡೆದ ‘ಆಶೋ’ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಲಿತ ಮುಖ್ಯ ಪಾಠ ಇದು: ರಸ್ತೆಗಾಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೆಯ ಘಾತದಷ್ಟು ಏರುತ್ತದೆ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಚಕ್ರದ ಒಂಟಿ ಆಕ್ಸಲ್‌ನ ಕಾನೂನುಬದ್ಧ ಭಾರಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಭಾರದಲ್ಲಿ ಹೆಚ್ಚಳ ಶೇ. 13ಕ್ಕೂ ಕಡಿಮೆ. ನಾಲ್ಕನೆಯ ಘಾತದ ಲೆಕ್ಕ ಹಾಕಿದರೆ, ಪೂರ್ತಿ ಹೇರಿದ ಒಂದು ಆಕ್ಸಲ್ ಮಾಡುವ ಹಾನಿ ಸುಮಾರು ಶೇ. 62ರಷ್ಟು ಹೆಚ್ಚು. ಹಳೆಯ ಮಿತಿಯಿದ್ದಾಗಲೂ ಅತಿಭಾರದ ಲಾರಿಗಳು ಓಡಾಡುತ್ತಿದ್ದವು ಎಂಬುದು ನಿಜ, ಆದ್ದರಿಂದ ರಸ್ತೆಯ ಮೇಲಿನ ವಾಸ್ತವ ವ್ಯತ್ಯಾಸ ಈ ಅಂಕಿಗಿಂತ ಕಡಿಮೆ ಇರಬಹುದು. ಆದರೂ 2018ಕ್ಕೆ ಮೊದಲು ಹತ್ತು ವರ್ಷಕ್ಕೆ ಸಹಿ ಹಾಕಿದ ಯಾವನೇ ಗುತ್ತಿಗೆದಾರ ಟೆಂಡರಿನಲ್ಲಿ ನಮೂದಿಸಿದ ಮೊತ್ತ ಬೇರೆಯೇ ಭಾರದ ಲೆಕ್ಕದ್ದು. ಬದಲಾಯಿಸಿದ್ದು ಸರ್ಕಾರ, ರಸ್ತೆ ಕುಸಿದರೆ ದಂಡ ತೆರುವವನು ಗುತ್ತಿಗೆದಾರ.

ಕರ್ನಾಟಕಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿಗಾರಿಕೆಯ ಭರಾಟೆಯ ವರ್ಷಗಳಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಯ ರಸ್ತೆಗಳು ಏನಾದವು ಎಂಬುದನ್ನು ಆ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ಗಣಿ ವರದಿ ಅದಿರು ಲಾರಿಗಳ ಅತಿಭಾರದ ವಿಷಯವನ್ನು ಎತ್ತಿಕೊಂಡಿದೆ. ಅಂಥ ರಸ್ತೆಯನ್ನು ಫಲಿತಾಂಶದ ಗುತ್ತಿಗೆಗೆ ಕೊಟ್ಟಿದ್ದರೆ ಜವಾಬ್ದಾರಿಯುಳ್ಳ ಗುತ್ತಿಗೆದಾರ ಟೆಂಡರಿನತ್ತ ಸುಳಿಯುತ್ತಿರಲಿಲ್ಲ. ಸುಳಿಯುವವನು ದಂಡದಿಂದ ನುಣುಚಿಕೊಳ್ಳುವ ದಾರಿ ಬಲ್ಲವನು ಮಾತ್ರ. ಟೆಂಡರ್ ದಾಖಲೆಯಲ್ಲಿ ಆ ರಸ್ತೆಯ ಆಕ್ಸಲ್ ಭಾರದ ಸಮೀಕ್ಷೆ ಇರಬೇಕು, ಚಲಿಸುವ ವಾಹನವನ್ನೇ ತೂಗುವ ಯಂತ್ರ ಒಂದೆರಡು ಕಡೆಯಾದರೂ ಇರಬೇಕು, ಭಾರ ಒಪ್ಪಿದ ಮಿತಿ ದಾಟಿದರೆ ಮಾಸಿಕ ಮೊತ್ತ ಅದಕ್ಕೆ ತಕ್ಕಂತೆ ಏರಬೇಕು. ಅತಿಭಾರ ತಡೆಯುವ ಅಧಿಕಾರ ಸಾರಿಗೆ ಇಲಾಖೆ ಮತ್ತು ಪೊಲೀಸರದು. ಹಾಗಿರುವಾಗ ಅದರ ನಷ್ಟವೂ ಸರ್ಕಾರದ ಖಾತೆಗೇ ಸೇರಬೇಕಾದದ್ದು.

ನಮ್ಮ ಹಳ್ಳಿಗಳಿಗೆ ಈ ಪದ್ಧತಿ ಬಂದಿರುವುದು ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ಮೂಲಕ. 2000ದ ಡಿಸೆಂಬರಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ ರಸ್ತೆ ಕಟ್ಟಿದವನೇ ಐದು ವರ್ಷ ಅದನ್ನು ನೋಡಿಕೊಳ್ಳಬೇಕು. ನಿರ್ವಹಣೆಯ ಹಣ ರಾಜ್ಯ ಸರ್ಕಾರದ್ದು. ಬಹುಕಾಲ ಈ ಷರತ್ತು ಕಾಗದದಲ್ಲೇ ಉಳಿದ ಕಡೆಗಳು ಬಹಳ. ಮಹಾಲೇಖಪಾಲರ 2016ರ ವರದಿಯೂ ನಿರ್ವಹಣೆಯ ಕೊರತೆಯನ್ನು ದಾಖಲಿಸಿತು. ಮಧ್ಯಪ್ರದೇಶದಲ್ಲಿ ರೂಪುಗೊಂಡು ಆಮೇಲೆ ಬೇರೆ ರಾಜ್ಯಗಳಿಗೂ ಹರಡಿದ ‘ಇ-ಮಾರ್ಗ್’ ಎಂಬ ಗಣಕ ವ್ಯವಸ್ಥೆ ಇದನ್ನು ಸ್ವಲ್ಪ ಬಿಗಿ ಮಾಡಿತು. ಎಂಜಿನಿಯರು ಸ್ಥಳಕ್ಕೆ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆಯಬೇಕು, ಚಿತ್ರದೊಂದಿಗೆ ಜಾಗದ ಗುರುತೂ ದಾಖಲಾಗುತ್ತದೆ. ಕೆಲಸದ ಅಳತೆ ಬರೆಯುವ ಬದಲು ರಸ್ತೆಯ ಸ್ಥಿತಿಗೆ ಅಂಕ ಕೊಡಲಾಗುತ್ತದೆ, ಪಾವತಿ ಆ ಅಂಕಕ್ಕೆ ತಕ್ಕಂತೆ.

ಇದು ದೊಡ್ಡ ಹೆಜ್ಜೆ ಎಂದೇ ನನ್ನ ಅಭಿಪ್ರಾಯ. ಆದರೆ ಚಿತ್ರಕ್ಕೆ ಕಾಣುವುದು ಮೇಲ್ಮೈ ಮಾತ್ರ. ಒಳಪದರದ ಬಲ ಅದಕ್ಕೆ ಗೋಚರಿಸದು. ಗುಂಡಿಯಾಗಲಿ ಏರಿಳಿತವಾಗಲಿ ರಸ್ತೆ ಒಳಗಿನಿಂದ ಸೋತ ಮೇಲೆ ಮೇಲಕ್ಕೆ ಬರುವ ಲಕ್ಷಣಗಳು. ಐದನೆಯ ವರ್ಷದಲ್ಲಿ ತೆಳುವಾದ ಡಾಂಬರು ಪದರ ಎಳೆದು ಪೂರ್ಣ ಅಂಕ ಗಳಿಸಿ, ಬಸವಳಿದ ರಸ್ತೆಯನ್ನು ಇಲಾಖೆಗೆ ಒಪ್ಪಿಸಿ ಹೋಗಲು ಏನೂ ಅಡ್ಡಿಯಿಲ್ಲ. ಗುತ್ತಿಗೆ ಮುಗಿಯುವಾಗ ಭಾರ ಇಟ್ಟು ರಸ್ತೆ ಎಷ್ಟು ಬಾಗುತ್ತದೆ ಎಂದು ಅಳೆಯುವ ಪರೀಕ್ಷೆ ಮಾಡಿ, ಉಳಿದಿರುವ ಆಯುಷ್ಯವನ್ನು ಲೆಕ್ಕ ಹಾಕಿ, ಆಮೇಲೆ ಕೊನೆಯ ಕಂತು ಕೊಡುವುದು ಇದಕ್ಕಿರುವ ಮದ್ದು. ಅದರ ಉಪಕರಣಗಳು ನಮ್ಮಲ್ಲಿವೆ, ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಗಳೂ ಇವೆ.

ಗಾತ್ರದ ಪ್ರಶ್ನೆಯನ್ನೂ ಇಲ್ಲಿ ಮರೆಯುವಂತಿಲ್ಲ. ನೂರಾರು ಕಿಲೋಮೀಟರಿನ ಗುತ್ತಿಗೆ ಎಂದರೆ ತಾಲ್ಲೂಕು ಮಟ್ಟದ ಸಣ್ಣ ಗುತ್ತಿಗೆದಾರನಿಗೆ ಬಾಗಿಲು ಮುಚ್ಚಿದಂತೆ. ತುಂಡು ಗುತ್ತಿಗೆಯ ಕೆಡುಕನ್ನು ಬಲ್ಲವರಿಗೆ ಇದು ಒಳ್ಳೆಯದೆಂದೇ ತೋರಬಹುದು. ಆದರೆ ಪೆರು ದೇಶ 1990ರ ದಶಕದ ನಡುವಿನಿಂದ ಹಳ್ಳಿರಸ್ತೆಗಳನ್ನು ಆಯಾ ಊರಿನವರೇ ಕಟ್ಟಿಕೊಂಡ ಕಿರು ಉದ್ಯಮಗಳಿಗೆ ಕಿಲೋಮೀಟರ್ ಲೆಕ್ಕದ ಮಾಸಿಕ ಹಣಕ್ಕೆ ಒಪ್ಪಿಸಿತು. ಹಿಮಾಚಲ ಮತ್ತು ಉತ್ತರಾಖಂಡದ ಬೆಟ್ಟದ ರಸ್ತೆಗಳಲ್ಲೂ ಮಹಿಳಾ ಗುಂಪುಗಳು ಚರಂಡಿ ಮತ್ತು ಅಂಚಿನ ಕೆಲಸ ವಹಿಸಿಕೊಂಡ ನಿದರ್ಶನಗಳಿವೆ. ಹಿಂದೆ ನಮ್ಮ ರಸ್ತೆಬದಿಯಲ್ಲಿ ಗುದ್ದಲಿ ಹಿಡಿದು ಕಾಣುತ್ತಿದ್ದ ಗ್ಯಾಂಗ್‌ಮನ್‌ಗಳು ಮಾಡುತ್ತಿದ್ದುದೂ ಇದೇ ಕೆಲಸ. ಡಾಂಬರಿನ ಹೊಣೆ ಒಬ್ಬನಿಗೆ, ನೀರಿನ ಹೊಣೆ ಸ್ಥಳೀಯ ಗುಂಪಿಗೆ ಎಂದು ಎರಡು ಪದರದ ಗುತ್ತಿಗೆ ಮಲೆನಾಡಿನ ಒಂದೆರಡು ತಾಲ್ಲೂಕಿನಲ್ಲಿ ಪರೀಕ್ಷಿಸಲು ಯೋಗ್ಯ.

ಕೊನೆಗೆ ಪಾವತಿಯ ವಿಷಯ. ಬಾಕಿ ಬಿಲ್ಲಿಗಾಗಿ ರಾಜ್ಯದ ಗುತ್ತಿಗೆದಾರರ ಸಂಘ ಸರ್ಕಾರದ ಬಾಗಿಲು ತಟ್ಟಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಮಾಸಿಕ ಪಾವತಿಯನ್ನೇ ನಂಬಿದ ಗುತ್ತಿಗೆಯಲ್ಲಿ ಹಣ ಆರು ತಿಂಗಳು ತಡವಾದರೆ ಚರಂಡಿಯ ಆಳು ಬರುವುದಿಲ್ಲ, ಕಡಿತದ ಬೆದರಿಕೆಗೂ ಅರ್ಥವಿರುವುದಿಲ್ಲ. ಆದ್ದರಿಂದ ನಿರ್ವಹಣೆಯ ಹಣ ವರ್ಷದ ಮೊದಲಿಗೇ ಪ್ರತ್ಯೇಕ ಖಾತೆಯಲ್ಲಿ ಕೂರಬೇಕು. ಮುಚ್ಚದ ಗುಂಡಿಗೆ ದಿನಕ್ಕೆ ಎಷ್ಟು ಕಡಿತ ಎಂದು ಬರೆದಿರುವ ಅದೇ ಕೋಷ್ಟಕದಲ್ಲಿ, ತಡವಾದ ಬಿಲ್ಲಿಗೆ ದಿನಕ್ಕೆ ಎಷ್ಟು ಬಡ್ಡಿ ಎಂಬ ಸಾಲೂ ಇರಬೇಕು.