ನಡುಗುವ ಕೈ: ನಸುಗುನ್ನಿಯಿಂದ ಮಿದುಳಿನ ಬ್ಯಾಂಕಿನವರೆಗೆ

ಸುರಪುರ ತಾಲ್ಲೂಕಿನ ತಿಂಥಣಿ ಎಂದ ಕೂಡಲೇ ನೆನಪಾಗುವುದು ಕೃಷ್ಣಾ ನದಿಯ ದಂಡೆ, ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಗುಡಿ ಮತ್ತು ಅಲ್ಲಿನ ಜಾತ್ರೆ. ಈ ಸೀಮೆಯಲ್ಲಿ ಹಿರಿಯರ ಕೈ ನಡುಗತೊಡಗಿದರೆ, ನಡಿಗೆ ನಿಧಾನವಾದರೆ ‘ವಯಸ್ಸಾತು, ವಾತ ಹಿಡದದ’ ಎಂದು ಸುಮ್ಮನಾಗುವವರೇ ಹೆಚ್ಚು. ನಾಡಿನ ಬೇರೆ ಹಳ್ಳಿಗಳ ಮಾತೂ ಇದೇ. ಆದರೆ ಎಲ್ಲ ನಡುಕವೂ ವಯಸ್ಸಿನದಲ್ಲ. ಮಿದುಳಿನೊಳಗಿನ ಒಂದು ಸಣ್ಣ ಭಾಗ ಸವೆಯುತ್ತ ಹೋಗುವುದರಿಂದ ಬರುವ ಪಾರ್ಕಿನ್ಸನ್ ಕಾಯಿಲೆಯೂ ಅದಾಗಿರಬಹುದು. ಈ ಕಾಯಿಲೆಯ ಗುಟ್ಟನ್ನು ಬಿಡಿಸಲು ಇನ್ನೂರು ವರ್ಷಗಳಿಂದ ನಡೆದಿರುವ ಪ್ರಯತ್ನದಲ್ಲಿ ಲಂಡನ್, ವಿಯೆನ್ನಾಗಳ ಜೊತೆಗೆ ಭಾರತದ ಎರಡು ಗಿಡಗಳಿಗೂ ಬೆಂಗಳೂರಿನ ಒಂದು ಸಂಸ್ಥೆಗೂ ಪಾತ್ರವಿದೆ.

ಹೆಸರಿಗೂ ಮುಂಚಿನ ನಡುಕ

ಕಾಯಿಲೆಗೆ ಹೆಸರು ಕೊಟ್ಟ ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ವೈದ್ಯ. 1817ರಲ್ಲಿ ಅವರು ಪ್ರಕಟಿಸಿದ ಪುಟ್ಟ ಪ್ರಬಂಧದಲ್ಲಿ ಆರು ಮಂದಿ ರೋಗಿಗಳ ವಿವರಗಳಿದ್ದವು. ಅವರಲ್ಲಿ ಕೆಲವರು ಅವರ ಚಿಕಿತ್ಸೆಗೆ ಬಂದವರೇ ಅಲ್ಲ, ಬೀದಿಯಲ್ಲಿ ಕಣ್ಣಿಗೆ ಬಿದ್ದವರು! ಸುಮ್ಮನೆ ಇಟ್ಟ ಕೈ ನಡುಗುವುದು, ಮೈ ಮುಂದಕ್ಕೆ ಬಾಗುವುದು, ನಡೆಯುತ್ತ ನಡೆಯುತ್ತ ಓಡುವಂತಾಗುವುದು ಇವನ್ನು ಅವರು ಒಂದೇ ರೋಗದ ಲಕ್ಷಣಗಳೆಂದು ಗುರುತಿಸಿದರು. ಮುಂದೆ ಪ್ಯಾರಿಸ್ಸಿನ ನರರೋಗ ತಜ್ಞ ಷಾರ್ಕೊ, ನಡುಕವೇ ಇಲ್ಲದ ರೋಗಿಗಳೂ ಇದ್ದಾರೆಂದು ತೋರಿಸಿ, ಕಾಯಿಲೆಗೆ ಪಾರ್ಕಿನ್ಸನ್ ಹೆಸರನ್ನೇ ಇಟ್ಟರು.

ಭಾರತದ ವೈದ್ಯಗ್ರಂಥಗಳಲ್ಲಿ ಇಂಥ ಲಕ್ಷಣಗಳಿಗೆ ‘ಕಂಪವಾತ’ ಎಂಬ ಹೆಸರಿತ್ತು. ಆಂಧ್ರ ಸೀಮೆಯಲ್ಲಿ ರಚನೆಯಾದ ‘ಬಸವರಾಜೀಯ’ದಲ್ಲಿ ಕೈಕಾಲುಗಳ ನಡುಕದ ಜೊತೆಗೆ ನಿದ್ರೆ ಕೆಡುವುದನ್ನೂ ಬುದ್ಧಿ ಕ್ಷೀಣಿಸುವುದನ್ನೂ ಕಂಪವಾತದ ಲಕ್ಷಣಗಳಾಗಿ ಹೇಳಲಾಗಿದೆ. ಹಳೆಯ ಹೆಸರಿನ ಅಡಿಯಲ್ಲಿ ಬರುವ ಎಲ್ಲ ನಡುಕವೂ ಇಂದಿನ ಪಾರ್ಕಿನ್ಸನ್ ಕಾಯಿಲೆಯೇ ಎನ್ನಲು ಬಾರದು. ಆದರೂ ಇದು ಬರಿಯ ಕೈಕಾಲಿನ ರೋಗವಲ್ಲ, ನಿದ್ರೆ-ನೆನಪುಗಳನ್ನೂ ಮುಟ್ಟುತ್ತದೆ ಎಂಬ ಮಾತನ್ನು ಇಂದಿನ ವೈದ್ಯರೂ ಒಪ್ಪುತ್ತಾರೆ.

ಎರಡು ಗಿಡಗಳ ಕತೆ

ಮಿದುಳಿನ ಬುಡದ ಬಳಿ ಕಪ್ಪು ಬಣ್ಣದ ಒಂದು ಚಿಕ್ಕ ಭಾಗವಿದೆ. ಅಲ್ಲಿನ ಜೀವಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತವೆ. ಕೈ ಎತ್ತಬೇಕು, ಹೆಜ್ಜೆ ಇಡಬೇಕು ಎಂಬ ಇಚ್ಛೆ ಸರಾಗವಾದ ಚಲನೆಯಾಗಲು ಈ ಡೋಪಮೈನ್ ಬೇಕು. ಪಾರ್ಕಿನ್ಸನ್ ರೋಗಿಗಳಲ್ಲಿ ಈ ಕಪ್ಪು ಭಾಗ ಹಾಳಾಗಿರುತ್ತದೆಂದು 1919ರಲ್ಲಿ ಟ್ರೆಟಿಯಾಕಾಫ್ ಎಂಬ ಸಂಶೋಧಕ ತೋರಿಸಿದ್ದರು. ಆದರೆ ಅಲ್ಲಿ ಕೊರತೆಯಾಗುವುದು ಏನು ಎಂಬುದು ತಿಳಿಯಲು ಮತ್ತೆ ನಾಲ್ಕು ದಶಕಗಳು ಬೇಕಾದವು.

ಆ ಗುಟ್ಟು ಬಯಲಾಗಲು ನೆರವಾದ ಮೊದಲ ಗಿಡ ಸರ್ಪಗಂಧ. ಇದರ ಬೇರು ರಕ್ತದೊತ್ತಡವನ್ನೂ ಮನಸ್ಸಿನ ಉದ್ರೇಕವನ್ನೂ ತಗ್ಗಿಸುತ್ತದೆಂದು 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಬೋಸ್ ವರದಿ ಮಾಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಈ ಔಷಧ ತೆಗೆದುಕೊಂಡ ಕೆಲವು ರೋಗಿಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳೇ ಕಾಣಿಸಿಕೊಂಡವು. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಮೊಲ ಮತ್ತು ಇಲಿಗಳಿಗೆ ರೆಸರ್ಪೀನ್ ಕೊಟ್ಟಾಗ ಅವು ಕದಲದೆ ಬಿದ್ದುಕೊಂಡವು. ದೇಹದೊಳಗೆ ಡೋಪಮೈನ್ ಆಗಿ ಬದಲಾಗುವ ಡೋಪಾ ಎಂಬ ವಸ್ತುವನ್ನು ಚುಚ್ಚಿದೊಡನೆ ಮತ್ತೆ ಎದ್ದು ಓಡಾಡಿದವು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಕ್ಸ್, ಸತ್ತ ರೋಗಿಗಳ ಮಿದುಳಿನಲ್ಲಿ ಡೋಪಮೈನ್ ತೀರಾ ಕಡಿಮೆ ಇರುವುದನ್ನು ಅಳೆದು ತೋರಿಸಿದರು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಬಾಯಿಯ ಮೂಲಕವೇ ದೊಡ್ಡ ಪ್ರಮಾಣದಲ್ಲಿ ಡೋಪಾ ಕೊಟ್ಟು ರೋಗಿಗಳನ್ನು ನಡೆಸಿದರು. ಕಾರ್ಲ್ಸನ್‌ಗೆ 2000ದಲ್ಲಿ ನೊಬೆಲ್ ಬಹುಮಾನ ಬಂತು.

ಎರಡನೆಯ ಗಿಡ ನಸುಗುನ್ನಿ. ಕಾಯಿಯ ಮೇಲಿನ ರೋಮ ಮೈಗೆ ತಾಗಿದರೆ ಸಾಕು, ತುರಿಕೆ ತಡೆಯಲಾಗದು. ಆಯುರ್ವೇದದ ಕಪಿಕಚ್ಛು, ಆತ್ಮಗುಪ್ತಾ ಇದೇ ಬಳ್ಳಿ. ಇದರ ಬೀಜದಲ್ಲಿ ಡೋಪಾ ಇದೆಯೆಂದು 1937ರಲ್ಲಿಯೇ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಜೀವರಸಾಯನ ವಿಜ್ಞಾನಿಗಳು ಪ್ರಕಟಿಸಿದ್ದರು. ಅಂದು ಅದು ಬೀಜದಲ್ಲಿ ಸಿಕ್ಕ ಒಂದು ರಾಸಾಯನಿಕ ಮಾತ್ರವಾಗಿತ್ತು. ಅದರಿಂದ ಏನು ಉಪಯೋಗ ಎಂಬುದು ಯಾರಿಗೂ ತಿಳಿದಿರಲಿಲ್ಲ. ಹೀಗೆ ನಡುಕ ತರಿಸಿ ಪಾಠ ಕಲಿಸಿದ್ದೂ ಭಾರತದ ಗಿಡ, ನಡುಕ ತಗ್ಗಿಸುವ ಮದ್ದನ್ನು ಬೀಜದಲ್ಲಿ ಅಡಗಿಸಿಕೊಂಡಿದ್ದೂ ಭಾರತದ ಗಿಡ.

ಬೆಂಗಳೂರಿನ ಒಗಟು

ಕಪ್ಪು ಭಾಗದ ಜೀವಕೋಶಗಳು ಸಾಯುವುದೇಕೆ? ಇದು ಇನ್ನೂ ಪೂರ್ತಿ ಬಿಡಿಸದ ಪ್ರಶ್ನೆ. 1997ರಲ್ಲಿ ಇಟಲಿ ಮೂಲದ ಒಂದು ಕುಟುಂಬದಲ್ಲಿ ಆಲ್ಫಾ-ಸೈನ್ಯೂಕ್ಲಿಯಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿ ದೋಷ ಪತ್ತೆಯಾಯಿತು. ರೋಗಿಗಳ ಜೀವಕೋಶಗಳಲ್ಲಿ ಕಂಡುಬರುವ ಗಂಟುಗಳು ಇದೇ ಪ್ರೋಟೀನಿನ ಮುದ್ದೆಗಳೆಂದು ಅದೇ ವರ್ಷ ತಿಳಿಯಿತು. ಈ ಮುದ್ದೆಗಟ್ಟುವಿಕೆ ಮೂಗಿನ ವಾಸನೆಯ ನರಗಳ ಬಳಿಯೋ ಕರುಳಿನ ನರಗಳ ಬಳಿಯೋ ಆರಂಭವಾಗಿ ಮೆಲ್ಲನೆ ಮಿದುಳಿಗೆ ಏರುತ್ತದೆಂಬ ವಾದವನ್ನು 2003ರಲ್ಲಿ ಜರ್ಮನಿಯ ಹೈಕೊ ಬ್ರಾಕ್ ಮುಂದಿಟ್ಟರು. ನಡುಕಕ್ಕಿಂತ ವರ್ಷಗಳ ಮುಂಚೆಯೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೂಗಾಡುವುದು, ಕೈಕಾಲು ಬೀಸುವುದು ಹಲವು ರೋಗಿಗಳಲ್ಲಿ ಕಂಡುಬರುವುದು ಈ ವಾದಕ್ಕೆ ಪುಷ್ಟಿ ಕೊಡುತ್ತದೆ.

ಈ ಹುಡುಕಾಟಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಒಂದು ವಿಶಿಷ್ಟ ಕಾಣಿಕೆ ಕೊಟ್ಟಿದೆ. ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುವ ‘ಮಿದುಳಿನ ಬ್ಯಾಂಕ್’ 1995ರಲ್ಲಿ ಅಲ್ಲಿ ಆರಂಭವಾಯಿತು. ಡಾ. ಎಸ್.ಕೆ. ಶಂಕರ್ ಅದರ ರೂವಾರಿ. ಡಾ. ಉದಯ ಮುತ್ತಾಣೆ, ಡಾ. ಯಶಾ ಮತ್ತು ಡಾ. ಶಂಕರ್ ಅವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಭಾರತೀಯರ ಮಿದುಳಿನಲ್ಲಿ ಈ ಕಪ್ಪು ಜೀವಕೋಶಗಳ ಸಂಖ್ಯೆ ಬ್ರಿಟನ್ನಿನವರಿಗಿಂತ ಸುಮಾರು ಶೇ 40ರಷ್ಟು ಕಡಿಮೆ ಎಂದು ಕಂಡುಬಂತು. ಆದರೆ ವಯಸ್ಸಾದಂತೆ ಅವು ಇನ್ನಷ್ಟು ಕಡಿಮೆಯಾಗುವುದು ಮಾತ್ರ ಕಾಣಲಿಲ್ಲ. ಬಂಡವಾಳ ಕಡಿಮೆ, ಸೋರಿಕೆಯೂ ಕಡಿಮೆ! ಹಾಗಾದರೆ ಜೀವಕೋಶಗಳ ಎಣಿಕೆಯೊಂದೇ ಕಾಯಿಲೆಯನ್ನು ನಿರ್ಧರಿಸುವುದಿಲ್ಲ ಎಂದಾಯಿತು.

ಸಮೀಕ್ಷೆಗಳ ಅಂಕಿಗಳೂ ಇಂಥದೇ ಕುತೂಹಲ ಹುಟ್ಟಿಸುತ್ತವೆ. ಮುಂಬೈಯ ಪಾರ್ಸಿ ಸಮುದಾಯದಲ್ಲಿ ಮನೆಮನೆಗೆ ಹೋಗಿ ನಡೆಸಿದ, 1988ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ 328 ರೋಗಿಗಳು ಎಂಬ ಲೆಕ್ಕ ಸಿಕ್ಕಿತ್ತು. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 1,02,557 ಮಂದಿಯನ್ನು ಒಳಗೊಂಡ, ಡಾ. ಗೌರಿದೇವಿ ಅವರ ನೇತೃತ್ವದ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಕಂಡದ್ದು ಲಕ್ಷಕ್ಕೆ 27 ಮಾತ್ರ. ಪಾರ್ಸಿಗಳಲ್ಲಿ ವೃದ್ಧರ ಪ್ರಮಾಣ ಹೆಚ್ಚು ಎಂಬುದು ಈ ಅಂತರಕ್ಕೆ ಒಂದು ಕಾರಣ. ಆದರೆ ಬೆಂಗಳೂರಿನ ಲೆಕ್ಕದಲ್ಲಿ ನಗರಕ್ಕಿಂತ ಹಳ್ಳಿಗಳಲ್ಲೇ ಕಾಯಿಲೆ ಹೆಚ್ಚಾಗಿ ಕಂಡಿತು. ಹಳ್ಳಿಯ ಬದುಕಿನಲ್ಲಿ ಅಂಥದೇನಿದೆ?

ಹೊಲದ ಕಡೆಗೆ ಬೆರಳು

ಈ ಪ್ರಶ್ನೆಗೆ ಒಂದು ಸುಳಿವು ಸಿಕ್ಕಿದ್ದು ದೂರದ ಕ್ಯಾಲಿಫೋರ್ನಿಯಾದಲ್ಲಿ. 1982ರಲ್ಲಿ ಅಲ್ಲಿ ಕೆಲವು ಮಾದಕ ವ್ಯಸನಿ ಯುವಕರು ಇದ್ದಕ್ಕಿದ್ದಂತೆ ಕಲ್ಲಿನ ಬೊಂಬೆಗಳಂತೆ ಮರಗಟ್ಟಿಹೋದರು. ಅವರು ಚುಚ್ಚಿಕೊಂಡ ಕಳ್ಳ ಮಾದಕದಲ್ಲಿ ಎಂಪಿಟಿಪಿ ಎಂಬ ವಿಷ ಬೆರೆತಿತ್ತು ಎಂದು ಡಾ. ವಿಲಿಯಂ ಲ್ಯಾಂಗ್‌ಸ್ಟನ್ ಪತ್ತೆ ಮಾಡಿದರು. ಈ ವಿಷ ದೇಹದೊಳಗೆ ತಾಳುವ ರೂಪಕ್ಕೂ ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ರಚನೆಯಲ್ಲಿ ಹೋಲಿಕೆಯಿದೆ. ಆಗಿನಿಂದ ವಿಜ್ಞಾನಿಗಳ ಕಣ್ಣು ಕೃಷಿ ರಾಸಾಯನಿಕಗಳ ಮೇಲೆ ಬಿತ್ತು. 2000ದಲ್ಲಿ ರೊಟಿನೋನ್ ಎಂಬ ಕೀಟನಾಶಕವನ್ನು ಇಲಿಗಳಿಗೆ ಕೊಟ್ಟಾಗ ಅವುಗಳಲ್ಲೂ ಪಾರ್ಕಿನ್ಸನ್ ಲಕ್ಷಣಗಳು ಕಂಡವು. ಇವೆರಡನ್ನು ಬಳಸಿದವರಲ್ಲಿ ಕಾಯಿಲೆಯ ಸಂಭವ ಬಳಸದವರಿಗಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಎಂದು ಅಮೆರಿಕದಲ್ಲಿ ಸಿಂಪಡಣೆ ಮಾಡುವವರನ್ನೂ ಅವರ ಕುಟುಂಬದವರನ್ನೂ ಕುರಿತ 2011ರ ಅಧ್ಯಯನ ಹೇಳಿತು. ಯುರೋಪಿನ ಒಕ್ಕೂಟದಲ್ಲಿ ಪ್ಯಾರಾಕ್ವಾಟ್‌ಗೆ ಇದ್ದ ಅನುಮತಿ 2007ರಲ್ಲಿಯೇ ರದ್ದಾಗಿತ್ತು.

ಹೊಲಕ್ಕೆ ಔಷಧ ಹೊಡೆದವರಿಗೆಲ್ಲ ಈ ಕಾಯಿಲೆ ಬರುತ್ತದೆಂದು ಇದರ ಅರ್ಥವಲ್ಲ. ವಯಸ್ಸು, ವಂಶವಾಹಿ, ತಲೆಗೆ ಬಿದ್ದ ಪೆಟ್ಟು ಹೀಗೆ ಕಾರಣಗಳ ಪಟ್ಟಿಯಲ್ಲಿ ಇದೂ ಒಂದು. ಆದರೆ 1982ರಲ್ಲಿ ನಾರಾಯಣಪುರ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸುರಪುರ-ಶಹಾಪುರ ಸೀಮೆಯ ಜೋಳ, ಸಜ್ಜೆಯ ಹೊಲಗಳು ಭತ್ತದ ಗದ್ದೆಗಳಾದವು. ಭತ್ತ, ಹತ್ತಿ, ಮೆಣಸಿನಕಾಯಿಯ ಜೊತೆಗೆ ಬೆನ್ನಿಗೆ ಕಟ್ಟುವ ಸಿಂಪಡಣೆ ಪಂಪೂ ಬಂತು. ಕೈಗವಸು, ಮುಖಗವಸು ಇಲ್ಲದೆ, ಗಾಳಿಗೆ ಎದುರಾಗಿ ಔಷಧ ಹೊಡೆಯುವ ರೂಢಿ ಬಿಡಬೇಕೆಂದು ಹೇಳಲು ಇನ್ನೊಂದು ಸಂಶೋಧನೆಗಾಗಿ ಕಾಯಬೇಕಿಲ್ಲ.

ಹಳೆಯ ಮದ್ದು, ಹೊಸ ದಾರಿ

ಅರ್ಧ ಶತಮಾನ ಕಳೆದರೂ ಲೆವೊಡೋಪಾವನ್ನು ಮೀರಿಸಿದ ಮದ್ದು ಬಂದಿಲ್ಲ. ಅದು ಮಿದುಳನ್ನು ತಲುಪುವ ಮೊದಲೇ ಕರಗಿಹೋಗದಂತೆ ಕಾರ್ಬಿಡೋಪಾವನ್ನು ಬೆರೆಸಿ ಗುಳಿಗೆ ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವಿದೆ. ಇದು ಲಕ್ಷಣಗಳನ್ನು ತಗ್ಗಿಸುತ್ತದೆಯೇ ಹೊರತು ಕಾಯಿಲೆಯನ್ನು ನಿಲ್ಲಿಸುವುದಿಲ್ಲ. ವರ್ಷಗಳು ಕಳೆದಂತೆ ಮದ್ದಿನ ಪ್ರಭಾವ ಬೇಗ ಇಳಿಯುತ್ತದೆ, ಕೆಲವರಲ್ಲಿ ಮೈ ತಾನಾಗಿ ಕುಣಿದಂತಾಗುತ್ತದೆ. ಅಂಥವರಲ್ಲಿ ಆಯ್ದ ಕೆಲವರಿಗೆ ಮಿದುಳಿನೊಳಗೆ ತಂತಿ ಇಳಿಸಿ ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆ ನೆರವಾಗುತ್ತದೆ.

ಹಾಗಾದರೆ ನಸುಗುನ್ನಿಯ ಬೀಜವನ್ನೇ ಅರೆದು ಕುಡಿಯಬಾರದೇ? ಲಂಡನ್ನಿನಲ್ಲಿ 8 ರೋಗಿಗಳ ಮೇಲೆ ನಡೆಸಿ 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 30 ಗ್ರಾಂ ಬೀಜದ ಪುಡಿ ಗುಳಿಗೆಗಿಂತ ಬೇಗ ಕೆಲಸ ಮಾಡಿತು, ಹೆಚ್ಚು ಹೊತ್ತೂ ಉಳಿಯಿತು. ಆದರೆ ಬೀಜದಿಂದ ಬೀಜಕ್ಕೆ ಡೋಪಾದ ಪ್ರಮಾಣ ಬದಲಾಗುತ್ತದೆ. ಗುಳಿಗೆ ನುಂಗುತ್ತಿರುವವರು ಅದರ ಮೇಲೆ ಪುಡಿಯನ್ನೂ ತೆಗೆದುಕೊಂಡರೆ ಮದ್ದು ಅತಿಯಾಗಿ ವಾಂತಿ, ಭ್ರಮೆ, ರಕ್ತದೊತ್ತಡದ ಕುಸಿತ ಉಂಟಾಗಬಹುದು. ಎಂಟು ಜನರ ಪರೀಕ್ಷೆ ಭರವಸೆ ಕೊಡಬಹುದು, ವೈದ್ಯರ ಚೀಟಿಗೆ ಬದಲಿಯಾಗಲಾರದು.

ಕಾಯಿಲೆಯ ಓಟವನ್ನೇ ತಡೆಯುವ ಪ್ರಯತ್ನಗಳಲ್ಲಿ ಏಳೂ ಬೀಳೂ ಇವೆ. ಮಧುಮೇಹದ ಮದ್ದು ಲಿಕ್ಸಿಸೆನಟೈಡ್, 156 ರೋಗಿಗಳ ಫ್ರೆಂಚ್ ಪರೀಕ್ಷೆಯಲ್ಲಿ ಚಲನೆಯ ತೊಂದರೆ ಹೆಚ್ಚದಂತೆ ಅಲ್ಪಸ್ವಲ್ಪ ತಡೆಯಿತೆಂದು 2024ರಲ್ಲಿ ವರದಿಯಾಯಿತು. ಅದೇ ಬಗೆಯ ಎಕ್ಸೆನಟೈಡ್, ಬ್ರಿಟನ್ನಿನಲ್ಲಿ 194 ರೋಗಿಗಳ ಮೇಲೆ ನಡೆದ ಹೆಚ್ಚು ದೀರ್ಘವಾದ ಪರೀಕ್ಷೆಯಲ್ಲಿ ಪ್ರಯೋಜನ ತೋರಲಿಲ್ಲವೆಂದು 2025ರಲ್ಲಿ ತಿಳಿಯಿತು. ಅದೇ ವರ್ಷ ಜಪಾನಿನ ಕ್ಯೋಟೊದ ವಿಜ್ಞಾನಿಗಳು, ಆಕರ ಕೋಶಗಳಿಂದ ಬೆಳೆಸಿದ ಡೋಪಮೈನ್ ಕೋಶಗಳನ್ನು 7 ರೋಗಿಗಳ ಮಿದುಳಿಗೆ ನೆಟ್ಟು, ಎರಡು ವರ್ಷಗಳ ಕಾಲ ಗಂಭೀರ ಅಪಾಯವಿಲ್ಲದೆ ಅವು ಉಳಿದದ್ದನ್ನು ಪ್ರಕಟಿಸಿದರು.

ತಿಂಥಣಿಗೆ ಇದರಿಂದೇನು?

ಕ್ಯೋಟೊದ ಕೋಶಗಳು ಕೃಷ್ಣೆಯ ದಂಡೆಗೆ ಬರಲು ಕಾಲ ಬೇಕು. ಆದರೆ ಲೆವೊಡೋಪಾ ಈಗಲೇ ಇದೆ. ಅದು ಸಿಗಬೇಕಾದರೆ ಮೊದಲು ಕಾಯಿಲೆ ಗುರುತಾಗಬೇಕು. ಸುಮ್ಮನೆ ತೊಡೆಯ ಮೇಲಿಟ್ಟ ಒಂದು ಕೈ ಮಾತ್ರ ನಡುಗುವುದು, ನಡೆಯುವಾಗ ಒಂದು ತೋಳು ಬೀಸದಿರುವುದು, ಅಕ್ಷರ ಚಿಕ್ಕದಾಗುತ್ತ ಹೋಗುವುದು, ಅಂಗಿಯ ಗುಂಡಿ ಹಾಕಲು ತಡವಾಗುವುದು, ಮುಖದಲ್ಲಿ ಭಾವ ಕಡಿಮೆಯಾಗುವುದು ಇವೆಲ್ಲ ನರರೋಗ ತಜ್ಞರಿಗೆ ತೋರಿಸಬೇಕಾದ ಗುರುತುಗಳು. ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ. ವಾಂತಿ ನಿಲ್ಲಿಸುವ, ಮನೋರೋಗಕ್ಕೆ ಕೊಡುವ ಕೆಲವು ಮದ್ದುಗಳಿಂದಲೂ ಇಂಥ ನಡುಕ ಬರುತ್ತದೆ, ವೈದ್ಯರು ಅವನ್ನು ಬದಲಿಸಿದರೆ ಸಾಮಾನ್ಯವಾಗಿ ತಗ್ಗುತ್ತದೆ. ಹಾಗಾಗಿ ತೋರಿಸಲು ಹೋಗುವಾಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಗೊಯ್ಯಬೇಕು.

ಗುಳಿಗೆ ಆರಂಭಿಸಿದವರಿಗೆ ಊಟದ ವೇಳೆಯೂ ಮುಖ್ಯ. ಬೇಳೆ, ಹಾಲು, ಮೊಟ್ಟೆ, ಮಾಂಸಗಳ ಪ್ರೋಟೀನು ಲೆವೊಡೋಪಾ ರಕ್ತಕ್ಕೆ ಸೇರುವುದಕ್ಕೆ ಅಡ್ಡ ಬರುತ್ತದೆ. ಆದ್ದರಿಂದ ರೊಟ್ಟಿ, ಬ್ಯಾಳಿ ಉಣ್ಣುವ ಅರ್ಧ ಗಂಟೆ ಮುಂಚೆಯೇ ಗುಳಿಗೆ ನುಂಗಲು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಮನೆಯವರು ಇಷ್ಟನ್ನು ನೆನಪಿಟ್ಟು ನಡೆಸಿದರೆ, ‘ವಯಸ್ಸಾತು’ ಎಂದು ಮೂಲೆ ಹಿಡಿದಿದ್ದ ಎಷ್ಟೋ ಹಿರಿಯರು ಇನ್ನೂ ಕೆಲವು ವರ್ಷ ತಮ್ಮ ಕೈಯಿಂದಲೇ ಊಟ ಮಾಡಿ, ತಮ್ಮ ಕಾಲ ಮೇಲೆಯೇ ಮೌನೇಶ್ವರನ ಜಾತ್ರೆಗೆ ಹೋಗಿ ಬರಬಲ್ಲರು.